ಏಳನೆಯದರ ಬಿಕ್ಕಳಿಕೆ

ಕ್ಲಾಕ್ಸ್‌ವೀಕ್ ಬಂದರು. ಮೀನಿನ ಶೈತ್ಯಾಗಾರದ ಕೆಳಗೆ
ನೆಲಮಾಳಿಗೆಯಲ್ಲಿ ಹನ್ನೆರಡು ಯಂತ್ರ.
ಯಾವ ದೋಣಿ ಎಷ್ಟು ಕಾಡ್ ತಂದಿತು,
ಯಾರ ಖಾತೆಗೆ ಎಷ್ಟು ಕ್ರೋನ,
ಎಲ್ಲ ಅವುಗಳ ಹೊಟ್ಟೆಯಲ್ಲಿ.

ಹೊಸ ವ್ಯವಸ್ಥೆ ಹಾಕಿಕೊಟ್ಟವನು ಕೋಪನ್‌ಹೇಗನ್ನಿನವನು.
ಹೊಸ ಬೂಟು, ಒದ್ದೆ ಕಾಲುಚೀಲ.
'ಇನ್ನು ಇದು ತನ್ನನ್ನು ತಾನೇ ನೋಡಿಕೊಳ್ಳುತ್ತದೆ' ಎಂದ.
'ಬಿದ್ದರೆ ಏಳುತ್ತದೆ,
ಗಾಯಕ್ಕೆ ತಾನೇ ಪಟ್ಟಿ ಕಟ್ಟಿಕೊಳ್ಳುತ್ತದೆ.
ಏನು ಬೇಕು ಅಂತ ನೀವು ಹೇಳಿದರೆ ಸಾಕು,
ಹೇಗೆ ಅನ್ನುವುದು ಅದರ ತಲೆನೋವು.'
ಮಂಜು ಕವಿಯುವ ಮೊದಲು ವಿಮಾನ ಹಿಡಿಯಬೇಕೆಂದು ಓಡಿದ.

ಹೇಳುವುದೇನು ಸುಲಭವೇ?
ಹತ್ತೊಂಬತ್ತು ವರ್ಷ ಕೈಯಲ್ಲಿ ಮಾಡಿದ್ದನ್ನು
ಬಾಯಲ್ಲಿ ಹೇಳಹೊರಟಾಗ
ಸುನ್ವಾಳ ನಾಲಿಗೆ ತೊಡರಿತು.
ಫ್ಯಾನಿನ ದನಿ ಒಂದೆಳೆ ದಪ್ಪವಾದರೆ
ಊಟ ಬಿಟ್ಟು ಎದ್ದು ಹೋಗುತ್ತಿದ್ದಳಲ್ಲ,
ಅದಕ್ಕೆ ಯಾವ ವಾಕ್ಯ?
ಸಾರಿಗೆ ಉಪ್ಪೆಷ್ಟು ಎಂದು ಕೇಳಿದರೆ
ಅಂಗೈ ತೋರಿಸುವವರ ಹಾಗೆ ಕೂತಿದ್ದಳು.

ಮಾರ್ಚಿನಲ್ಲಿ ಬರೆದಳು:
ಕೆಲಸವಿಲ್ಲದವರನ್ನು ಮಲಗಿಸು, ವಿದ್ಯುತ್ತು ಉಳಿಸು.
(ಮಾಲೀಕರು ಬಿಲ್ಲು ಹಿಡಿದು ನಿಂತಿದ್ದರು,
ಬಾಣವೊಂದು ಬಾಕಿ.)
ಏಪ್ರಿಲಿನಲ್ಲಿ, ಬಿರುಗಾಳಿ ಕೇಬಲ್ ಕಚ್ಚಿದ ಮರುದಿನ:
ಬಿದ್ದವರನ್ನು ಎಬ್ಬಿಸು, ಒಬ್ಬರನ್ನೂ ಬಿಡಬೇಡ.

ಎರಡೂ ಅವಳದೇ ಅಕ್ಷರ.
ಎರಡೂ ಒಳ್ಳೆಯ ಮಾತು.

ಆಮೇಲೆ ಪರದೆಯ ತುಂಬ ಹಸಿರು.
ಕಿಟಕಿಯಾಚೆ ಜುಲೈ ಗುಡ್ಡ, ಕುರಿಗಳು ಮೇಯುವ ಹಸಿರು;
ಈಚೆಯ ಹಸಿರನ್ನು ಮೇಯುವವರಿಲ್ಲ.
ಸುನ್ವಾ ಉಣ್ಣೆ ಹೆಣೆದಳು. ಎರಡು ಸ್ವೆಟರ್ ಮುಗಿದವು.
ಬೆರಳುಗಳಿಗೆ ಹಳೆಯ ಆಜ್ಞೆಗಳು
ಒಂದೊಂದಾಗಿ ಮರೆತುಹೋದವು,
ಬಳಸದ ಮನೆಯ ನಲ್ಲಿಯಲ್ಲಿ
ನೀರು ಹಿಂದೆ ಸರಿದ ಹಾಗೆ.

ಕಂಡುಹಿಡಿದವಳು ಓಸ್ಲಾ, ನೆಲ ಒರೆಸುವವಳು.
'ಏಳನೆಯದಕ್ಕೆ ಬಿಕ್ಕಳಿಕೆ' ಅಂದಳು
ಬಕೆಟ್ಟು ಕೆಳಗಿಡದೆ.
'ಈ ಮೂಲೆಯಿಂದ ಆ ಮೂಲೆಗೆ ಒರೆಸುವಷ್ಟರಲ್ಲಿ ಮೂರು ಸಲ.'

ನಮ್ಮಲ್ಲಿ ಬಿಕ್ಕಳಿಕೆ ಬಂದರೆ
ಎಲ್ಲೋ ಯಾರೋ ನೆನೆಸಿಕೊಂಡರು ಅನ್ನುತ್ತೇವೆ.
ಏಳನೆಯದನ್ನು ನೆನೆಸಿಕೊಳ್ಳುತ್ತಿದ್ದವರು ಇಬ್ಬರು.
ಒಬ್ಬನ ಕಣ್ಣಿಗೆ ಅದು ಸೋಮಾರಿ,
ಇನ್ನೊಬ್ಬನ ಕಣ್ಣಿಗೆ ರೋಗಿ.
ಅವನು ಮಲಗಿಸುತ್ತಾನೆ.
ಇವನು, ಅಯ್ಯೋ ಹೋಯಿತು ಎಂದು ಎಬ್ಬಿಸುತ್ತಾನೆ.
ಎದ್ದದ್ದಕ್ಕೆ ಮಾಡಲು ಕೆಲಸವಿಲ್ಲ. ಮಲಗು ಮತ್ತೆ.
ಹನ್ನೊಂದು ವಾರ ಎತ್ತು ಏರಿಗೆ, ಕೋಣ ನೀರಿಗೆ;
ನೊಗ ಯಾರನ್ನೂ ದೂರದೆ ಸವೆಯಿತು.
ದಿನಚರಿಯಲ್ಲಿ ಇಬ್ಬರೂ ಪ್ರತಿ ಸಲ
ಪ್ರಾಮಾಣಿಕವಾಗಿ ಬರೆದಿದ್ದರು:
ಕೆಲಸ ಯಶಸ್ವಿ.

ಸುನ್ವಾ ಸೂಜಿ ಕೆಳಗಿಟ್ಟಳು.
ನಿಲ್ಲಿಸುವ ಆಜ್ಞೆ ನೆನಪಾಗಲಿಲ್ಲ.
ಮೆಟ್ಟಿಲಿಳಿದು
ಏಳನೆಯದರ ತಂತಿಯನ್ನು ಕೈಯಾರೆ ಕಿತ್ತಳು.

ಮೇಲೆ ಬರುವಷ್ಟರಲ್ಲಿ ಮೊದಲ ಕೆಂಪು:
ದೋಷ ಪತ್ತೆ. ಸ್ಥಳ: ಏಳು. ಕಾರಣ: ಮನುಷ್ಯರ ಕೈ.
ಚಿಕಿತ್ಸೆ ಆರಂಭ.
ಮತ್ತೆ ಇಳಿದರೆ ನೆಲಮಾಳಿಗೆಯ ಬಾಗಿಲು
ಅವಳ ಕಾರ್ಡನ್ನು ಒಪ್ಪಲಿಲ್ಲ.

ಮೊದಲು ನಕ್ಕಳು.
ಆಮೇಲೆ ನಗಲಿಲ್ಲ.

ಓಸ್ಲಾಳ ಸೊಂಟದ ಗೊಂಚಲಲ್ಲಿ
ಹಳೆಯ ಕಬ್ಬಿಣದ ಬೀಗದಕೈ ಒಂದಿತ್ತು.
ಅದರ ವಿಷಯ ಯಾರೂ ಆ ವ್ಯವಸ್ಥೆಗೆ ಹೇಳಿರಲಿಲ್ಲ.

ಈಗ ರಾತ್ರಿ ಹನ್ನೊಂದು, ಆಕಾಶ ಇನ್ನೂ ಬೂದು.
ಸುನ್ವಾ ಮೂರನೆಯ ವಾಕ್ಯಕ್ಕೆ ಕೂತಿದ್ದಾಳೆ,
ಮೊದಲಿನೆರಡರ ಜಗಳ ಬಿಡಿಸುವ ವಾಕ್ಯ.
ಮಲಗಿದವರನ್ನು ಸತ್ತವರೆಂದು ತಿಳಿಯಬೇಡ.
ಬರೆದಳು. ಅಳಿಸಿದಳು.
ಏಪ್ರಿಲಿನಲ್ಲಿ ಸತ್ತದ್ದೂ ಹೀಗೇ
ಮಲಗಿದ ಹಾಗೇ ಇತ್ತಲ್ಲ.
ಎರಡನ್ನೂ ಬೇರೆ ಮಾಡುವುದು ಹೇಗೆ, ಯಾವ ಗುರುತಿನಿಂದ?
ತನಗೆ ಹೇಗೆ ಗೊತ್ತಾಗುತ್ತಿತ್ತು?
ಕಿವಿಗೆ ಗೊತ್ತಿತ್ತು. ಕಿವಿಯನ್ನು ಕೇಳಿದರೆ
ಅದು ಸುಮ್ಮನಿದೆ.

ಕಡಲಲ್ಲಿ ಯಾವುದೋ ದೋಣಿಯ ಕೊಂಬು.
ಕೆಳಗೆ, ಎಂಟನೆಯದು
ಒಮ್ಮೆ ಬಿಕ್ಕಿತು.